ಬೂಟು ಬದಲಿಸಿದ ಭಾನುವಾರ

ಮುಂಬಯಿ ಬಳಿಯ ಕಳವಾ ಎಂಬ ಊರಿನಲ್ಲಿ ಕಾರಿನಡಿ ಮಲಗಿದವನಿಗೆ ಏಕಾಂತ ಎಂಬುದಿಲ್ಲ. ಊರೇ ಅಂಥದ್ದು. ಒಂದು ಕಡೆ ಸೆಂಟ್ರಲ್ ರೈಲ್ವೆಯ ಕಾರ್ ಶೆಡ್, ಇನ್ನೊಂದು ಕಡೆ ಠಾಣೆ–ಬೇಲಾಪುರ ರಸ್ತೆಗುಂಟ ಮುಕಂದ್ ಉಕ್ಕಿನ ಕಾರ್ಖಾನೆ, ಸೀಮೆನ್ಸ್. ಯಾವ ಬಿಲ್ಡಿಂಗಿನ ಮೆಟ್ಟಿಲು ಹತ್ತಿದರೂ ಒಬ್ಬ ಫಿಟ್ಟರೋ ಟರ್ನರೋ ಎದುರಾಗುತ್ತಾನೆ. ಆತ ನಿವೃತ್ತನಾಗಿದ್ದರಂತೂ ಮುಗಿಯಿತು, ಕೈಯಲ್ಲಿ ಪುರುಸೊತ್ತೂ ಇರುತ್ತದೆ. ಇಂಥವರ ನಡುವೆ ಬ್ಯಾಂಕಿನಲ್ಲಿ ಲೆಡ್ಜರು ತಿದ್ದುವ ನಾನು ಸೊಸೈಟಿಯ ಪಾರ್ಕಿಂಗಿನಲ್ಲಿ ಜ್ಯಾಕ್ ಎತ್ತುವುದೆಂದರೆ ಪುಕ್ಕಟೆ ಸಿನಿಮಾ ತೋರಿಸಿದ ಹಾಗೆಯೇ.

ನಮ್ಮದು ಮಾರುತಿ 800. ಆರ್‌ಟಿಒ ಕೃಪೆಯಿಂದ ಆಯುಷ್ಯ ವಿಸ್ತರಿಸಿಕೊಂಡು ಬದುಕಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಕಳವಾ ನಾಕಾದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗಲೆಲ್ಲ ಎಡಗಡೆಯಿಂದ ಕಟ್‌ಕಟ್‌ಕಟ್ ಎನ್ನತೊಡಗಿತು. ನೇರ ಹೋದರೆ ಮೌನ, ತಿರುಗಿದರೆ ಗೊಣಗು. ಠಾಣೆಗೂ ನಮಗೂ ನಡುವಿನ ಕಡಲ ಖಾಡಿಗೆ 2022ರಲ್ಲಿ ಮೂರನೆಯ ಸೇತುವೆ ಬಂದರೂ ನಾಕಾದಲ್ಲಿ ಸ್ಟಿಯರಿಂಗ್ ತಿರುಗಿಸದೆ ವಿಧಿಯಿಲ್ಲ. ಬಗ್ಗಿ ನೋಡಿದೆ. ಚಕ್ರದ ಒಳಮೈ ತುಂಬ ಕಪ್ಪು ಗ್ರೀಸು ಬಿಲ್ಲಿನಾಕಾರದಲ್ಲಿ ಎರಚಿಕೊಂಡಿತ್ತು. ಆಕ್ಸಲ್ಲಿನ ತುದಿಗೆ ತೊಡಿಸಿದ ಮಡಿಕೆ ಮಡಿಕೆಯ ರಬ್ಬರು ಬೂಟಿನಲ್ಲಿ, ಒಂದು ಮಡಿಕೆಯ ಆಳದಲ್ಲಿ, ಅಂಗುಲದುದ್ದದ ಸೀಳು.

"ಬೂಟ್ ಫಾಟ್ಲಾ," ಬೂಟು ಹರಿದಿದೆ, ಎಂದಿತು ಬೆನ್ನ ಹಿಂದೊಂದು ಧ್ವನಿ. ಕಾರ್ ಶೆಡ್ಡಿನ ನಿವೃತ್ತ ಫಿಟ್ಟರ್ ಕಾಕಾ. ಮೂವತ್ತು ವರ್ಷ ಲೋಕಲ್ ಗಾಡಿಗಳ ಹೊಟ್ಟೆಯಡಿ ಕಳೆದವರು. ಬೆಳಿಗ್ಗೆ ಶೆಡ್ಡಿನಿಂದ ಹೊರಡುವ ಖಾಲಿ ಲೋಕಲ್ಲನ್ನು ಅಲ್ಲಿಗೇ ಹೋಗಿ ಹತ್ತಿ ಸೀಟು ಹಿಡಿಯುವುದು ಕಳವಾ ಊರಿನವರ ಹಳೆಯ ವಿದ್ಯೆ. ರೈಲ್ವೆ ಎಷ್ಟೇ ಗದರಿಸಿದರೂ ಅದು ನಿಂತಿಲ್ಲ. ಕಾಕಾ ಅಂಥ ಎಷ್ಟೋ ಜನರನ್ನು ಇಳಿಸಲು ನೋಡಿ ಸೋತವರು. ಆ ಸೋಲಿನ ಬಾಕಿಯನ್ನೆಲ್ಲ ನನ್ನ ಮೇಲೆ ತೀರಿಸಿಕೊಳ್ಳುವವರಂತೆ ಪ್ಲಾಸ್ಟಿಕ್ ಕುರ್ಚಿ ತರಿಸಿಕೊಂಡು ಕೂತರು.

ಎರಡನೆಯ ಕುರ್ಚಿ ಉಡುಪಿ ಕಡೆಯ ಮಾಮನದು. ಪದ್ಮಿನಿ ಟ್ಯಾಕ್ಸಿ ಓಡಿಸಿಯೇ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದವರು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿ ಮುಗಿದಾಗ ಒಂದು ಹೊತ್ತು ಊಟ ಬಿಟ್ಟರು ಎಂದು ಮಾಮಿ ಹೇಳುತ್ತಾರೆ. "ನಮ್ಮ ಪದ್ಮಿನಿಗೆ ಈ ರಗಳೆಯೇ ಇರಲಿಲ್ಲ ಮಾರಾಯ್ರೆ. ಎಂಜಿನ್ ಮುಂದೆ, ಎಳೆಯುವ ಚಕ್ರ ಹಿಂದೆ. ತಿರುಗುವ ಚಕ್ರಕ್ಕೆ ತಿರುಗುವ ಕೆಲಸ ಮಾತ್ರ."

ಮಾತು ಸುಳ್ಳಲ್ಲ. 1983ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿ ಮೊದಲ ಮಾರುತಿಯ ಕೀಲಿಕೈ ಕೊಟ್ಟಾಗ ಮಧ್ಯಮ ವರ್ಗಕ್ಕೆ ಕಾರಿನ ಜೊತೆ ಈ ಬೂಟಿನ ಚಿಂತೆಯೂ ಬಂತು. ಮುಂದಿನ ಚಕ್ರವೇ ಗಾಡಿಯನ್ನು ಎಳೆಯಬೇಕು, ಎಡಬಲಕ್ಕೆ ಹೊರಳಲೂ ಬೇಕು. ಎಷ್ಟು ಹೊರಳಿದರೂ ತಿರುಗುವ ವೇಗ ಮುಗ್ಗರಿಸಬಾರದು. ಇದಕ್ಕೆ 1920ರ ದಶಕದಲ್ಲಿ ಆಲ್ಫ್ರೆಡ್ ಝೆಪ್ಪಾ ಎಂಬ ಇಂಜಿನಿಯರ್ ಒಂದು ಕೀಲು ಕಂಡುಹಿಡಿದ. ಬಟ್ಟಲಿನೊಳಗೆ ಆರು ಉಕ್ಕಿನ ಗುಂಡು, ಗುಂಡು ಓಡಾಡಲು ಕೊರೆದ ಕಾಲುವೆ, ಮೇಲೆ ಗ್ರೀಸು. ಬೂಟಿನ ಕೆಲಸ ಗ್ರೀಸನ್ನು ಒಳಗೆ, ಊರನ್ನು ಹೊರಗೆ ಇಡುವುದು. ಬೂಟು ಹರಿದರೆ ಗ್ರೀಸು ಹೊರಗೆ, ಮುಂಬ್ರಾ ರಸ್ತೆಯ ಮಣ್ಣು ನೀರು ಒಳಗೆ. ಎರಡೂ ಕಲಸಿ ಗುಂಡುಗಳನ್ನು ಅರೆಯುತ್ತವೆ. ಕೆಲವು ನೂರು ರೂಪಾಯಿಯ ರಬ್ಬರು ಉಳಿಸಲು ಹೋಗಿ ಸಾವಿರಗಟ್ಟಲೆಯ ಆಕ್ಸಲ್ ಹಾಕಿಸಿಕೊಂಡವರು ನಮ್ಮ ಸೊಸೈಟಿಯಲ್ಲೇ ಇದ್ದಾರೆ.

ಹಬ್ಬಿನ ನಟ್ಟು ಸಡಿಲಿಸುವುದು ಚಕ್ರ ನೆಲದ ಮೇಲಿರುವಾಗಲೇ. ಹೆಂಡತಿ ಬ್ರೇಕು ಒತ್ತಿ ಕೂತಳು. ಮುಚ್ಚಿದ ಕಿಟಕಿಯೊಳಗೆ ಅವಳು ಫೋನಿನಲ್ಲಿ ಧಾರವಾಡದ ಅಕ್ಕನಿಗೆ ಇದೆಲ್ಲದರ ವೀಕ್ಷಕ ವಿವರಣೆ ಕೊಡುತ್ತಿದ್ದುದು ತುಟಿಚಲನೆಯಿಂದಲೇ ತಿಳಿಯುತ್ತಿತ್ತು. ಸ್ಪ್ಯಾನರಿಗೆ ನೀರಿನ ಪೈಪು ತೊಡಿಸಿ ನಾನು ಜೋತುಬಿದ್ದೆ. ನಟ್ಟು ಅಲುಗಲಿಲ್ಲ. ಕಾಕಾ ಕುರ್ಚಿ ಬಿಟ್ಟು ಎದ್ದು, ಪೈಪಿನ ತುದಿಗೆ ಒಂದು ಕಾಲಿಟ್ಟು, ಬೀಡಿ ಹಚ್ಚುವಷ್ಟು ನಿರಾಳವಾಗಿ ಮೈಭಾರ ಬಿಟ್ಟರು. ಟಣ್!

ಮುಂದಿನದು ಬೇಗ ಹೇಳುವಂಥದ್ದು: ಗೇರ್ ಆಯಿಲ್ ಇಳಿಸಿದ್ದು, ಬಾಲ್ ಜಾಯಿಂಟ್ ಬಿಡಿಸಿದ್ದು, ಆಕ್ಸಲ್ ಎಳೆದದ್ದು. ಹರಿದದ್ದು ಚಕ್ರದ ಕಡೆಯ ಬೂಟಾದರೂ ಬಿಚ್ಚಬೇಕಾದದ್ದು ಗೇರ್‌ಬಾಕ್ಸ್ ಕಡೆಯ ಕೀಲು. ಹೊರಗಿನ ಕೀಲು ಬಿಚ್ಚುವ ಜಾತಿಯದಲ್ಲ. ಸರ್ಕಾರಿ ಕಚೇರಿಯಲ್ಲಿ ಓಡಾಡಿದವರಿಗೆ ಈ ಕ್ರಮದಲ್ಲಿ ವಿಶೇಷವೇನೂ ಕಾಣದು. ಆ ಒಳಗಿನ ಕೀಲಿನಲ್ಲಿ ಸರ್ಕ್ಲಿಪ್ ಎಂಬ ಒಂದು ಉಕ್ಕಿನ ಬಳೆ. ಇಕ್ಕಳ ಜಾರಿತು, ಸರ್ಕ್ಲಿಪ್ ಮಾಯ! ಸರ್ಕ್ಲಿಪ್ ಎಂದ ಮೇಲೆ ಹಾರುವುದು ಅದರ ಧರ್ಮ, ಹುಡುಕುವುದು ಮಕ್ಕಳ ಧರ್ಮ. ವಡಾಪಾವ್ ಇನಾಮು ಸಾರಿದ್ದೇ ತಡ, ಕ್ರಿಕೆಟ್ ನಿಲ್ಲಿಸಿ ಇಡೀ ಸೈನ್ಯ ಕಾರುಗಳಡಿ ನುಗ್ಗಿತು. ಸಿಕ್ಕಿದ್ದು ಒಬ್ಬನಿಗೆ, ತಿಂದದ್ದು ಎಲ್ಲರೂ.

ಹೊಸ ಬೂಟಿನೊಳಗೆ ಪೊಟ್ಟಣದ ಗ್ರೀಸು ಹಿಂಡುವಾಗ ಗೊತ್ತಾಯಿತು, ಈ ಮಾಲಿಬ್ಡಿನಮ್ ಗ್ರೀಸಿಗೆ ಗುರುತ್ವಾಕರ್ಷಣೆಯ ಹಂಗಿಲ್ಲ. ಮೊಣಕೈ, ಕಿವಿಯ ಹಿಂಭಾಗ, ದೂರ ನಿಂತ ಮಾಮನ ಬಿಳಿ ಪಂಚೆ, ಎಲ್ಲೆಲ್ಲೂ ಅದೇ. ಬೂಟಿನ ಪಟ್ಟಿ ಬಿಗಿಯುವ ಮುನ್ನ ಕಾಕಾ ತಡೆದರು. ಬೂಟಿನ ಅಂಚಿನಡಿ ಸಣ್ಣ ಸ್ಕ್ರೂ ಡ್ರೈವರ್ ತೂರಿಸಿ ಮೆಲ್ಲಗೆ ಮೀಟಿದರು. ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಪುಸ್ ಎಂದು ಹೊರಬಂತು, ಉಬ್ಬಿದ್ದ ಮಡಿಕೆಗಳು ತಂತಮ್ಮ ಜಾಗಕ್ಕೆ ಕೂತವು. "ಗಾಳಿ ಉಳಿದರೆ ಮತ್ತೆ ಹರಿಯುತ್ತೆ," ಎಂದರು. ಅಷ್ಟು ಹೊತ್ತಿನ ಉಪದೇಶದಲ್ಲಿ ಈ ಒಂದು ಮಾತಿಗೆ ನಾನು ಗ್ಯಾರೇಜಿನ ಮಜೂರಿ ಕೊಡಲು ಸಿದ್ಧನಿದ್ದೆ. ಆವರಣದಲ್ಲಿ ವಾಹನ ರಿಪೇರಿ ನಿಷಿದ್ಧ ಎಂಬ ಬೋರ್ಡನ್ನು ತಾವೇ ಬರೆಸಿದ್ದ ಸೆಕ್ರೆಟರಿ ಅಷ್ಟೂ ಹೊತ್ತು ಅದಕ್ಕೇ ಒರಗಿ ನಿಂತು, ಪಟ್ಟಿ ಯಾವ ದಿಕ್ಕಿಗೆ ಮಡಿಚಬೇಕೆಂದು ಸಲಹೆ ಕೊಡುತ್ತಿದ್ದರು.

ಸೀಮೆಎಣ್ಣೆ, ಸಕ್ಕರೆ, ಪಾತ್ರೆ ತೊಳೆಯುವ ಪುಡಿ, ಯಾವುದಕ್ಕೂ ಉಗುರಿನ ಕಪ್ಪು ಹೋಗಲಿಲ್ಲ. ಸೋಮವಾರ ಸ್ಟೇಷನ್ನಿಗೆ ರಿಕ್ಷಾ ಹತ್ತಿ ಚಿಲ್ಲರೆ ಎಣಿಸುವಾಗ ಡ್ರೈವರು ಕನ್ನಡಿಯಲ್ಲಿ ನನ್ನ ಬೆರಳು ನೋಡಿದ. ಅಷ್ಟರಲ್ಲಿ ಹೆಂಡತಿಯ ಫೋನು. ನನ್ನ ಕನ್ನಡ ಕೇಳಿ ಅವನಿಗೆ ಬಾಯಿ ಬಂತು. ವಿಜಯಪುರದ ಕಡೆಯವನು.

"ಯಾವ ಗ್ಯಾರೇಜರಿ ಸರ?"

"ಬ್ಯಾಂಕು."

ಅವನು ನಂಬಲಿಲ್ಲ. ಬೂಟಿನ ಕತೆ ಹೇಳಿದೆ. ರಿಕ್ಷಾದ ಹಿಂದಿನ ಆಕ್ಸಲ್ಲಿಗೂ ಬೂಟು ಉಂಟಲ್ಲ, ಅವನಿಗೆ ಒಡನೆ ಅರ್ಥವಾಯಿತು.

"ಎಡಗಡೀದಷ್ಟ ಹಾಕೀರೇನು?"

"ಹೂಂ."

"ಬಲಗಡೀದೂ ತೆಗೀರಿ ಸರ. ಅವಳಿ-ಜವಳಿ ಅವು. ಒಂದಕ್ಕ ಜ್ವರ ಬಂತಂದ್ರ ಇನ್ನೊಂದು ವಾರ ತಡಿಯಂಗಿಲ್ಲ," ಎಂದು ಹೇಳಿ, ಚಿಲ್ಲರೆಯಲ್ಲಿ ಐದು ರೂಪಾಯಿ ಕಡಿಮೆ ತೆಗೆದುಕೊಂಡ. ಕಸಬಿನವರಿಗೆ ರಿಯಾಯಿತಿಯಂತೆ.