ನಿಧಾನಗೌಡ್ರ ಪಂಕ್ತಿ

ಉಪವಾಸ ಮಾಡುವವರನ್ನು ಸಹಿಸಬಹುದು. ಊಟದ ಹೊತ್ತಿಗೆ ಅವರು ಎದುರಿಗೆ ಕೂರುವುದಿಲ್ಲ. ಅನ್ನ ಬಿಟ್ಟವರನ್ನೂ ಸಹಿಸಬಹುದು; ಅವರ ಪಾಲಿನ ಅನ್ನ ನಮಗೆ ಬರುತ್ತದೆ. ಸಹಿಸಲಾಗದವರು ನಿಧಾನವಾಗಿ ಅಗಿದು ತೂಕ ಇಳಿಸಿಕೊಂಡವರು. ಅವರು ಎಲ್ಲವನ್ನೂ ತಿನ್ನುತ್ತಾರೆ, ನಮ್ಮ ಪಕ್ಕದಲ್ಲೇ ಕೂತು ತಿನ್ನುತ್ತಾರೆ, ತಿನ್ನುತ್ತಲೇ ಇರುತ್ತಾರೆ. ಮಧ್ಯೆ ಮಧ್ಯೆ ನಮ್ಮ ತಟ್ಟೆಯನ್ನು ಕರುಣೆಯಿಂದ ನೋಡುತ್ತಾರೆ.

ಪಶ್ಚಿಮ ಲಂಡನ್ನಿನ ಹೇಸ್‌ನಲ್ಲಿ, ಹೀಥ್ರೋ ವಿಮಾನಗಳ ಸದ್ದು ಕೇಳಿಕೊಂಡು ಬದುಕುವ ನಮ್ಮಂಥ ಕನ್ನಡದವರ ಪಾಲಿಗೆ ಸಿಕ್ಕಿರುವ ಈ ಜಾತಿಯ ಮನುಷ್ಯ ಮಂಡ್ಯದ ಕಡೆಯವರು. ನಿಜವಾದ ಹೆಸರು ಬೇಡ. ಬೆನ್ನ ಹಿಂದೆ ನಾವು ಕರೆಯುವುದು ನಿಧಾನಗೌಡ್ರು ಅಂತ. ಅವರ ಫ್ಲ್ಯಾಟು ಇರುವುದು ಹಳೇ ಗ್ರಾಮಫೋನ್ ಕಾರ್ಖಾನೆಯ ಜಾಗದಲ್ಲಿ. 1907ರಲ್ಲಿ ಗಾಯಕಿ ನೆಲ್ಲಿ ಮೆಲ್ಬಾ ಶಂಕುಸ್ಥಾಪನೆ ಮಾಡಿದ ಕಾರ್ಖಾನೆ ಅದು. ಬೀಟಲ್ಸ್ ಹಾಡುಗಳು ಅಚ್ಚಾಗಿದ್ದೂ ಅಲ್ಲೇ. ಮೊದಲು 78ರ ವೇಗದ ತಟ್ಟೆಗಳು ತಯಾರಾದವು, ಆಮೇಲೆ 33ರವು. ನೆಲದ ಗುಣವೋ ಏನೋ, ಗೌಡ್ರ ಊಟದ ತಟ್ಟೆಯೂ 78ರಿಂದ 33ಕ್ಕೆ ಇಳಿದಿದೆ.

ಇದಕ್ಕೆಲ್ಲ ಕಾರಣ ಒಬ್ಬ ನರ್ಸಮ್ಮ. ಇಲ್ಲಿ 40 ದಾಟಿದವರನ್ನು ಸರಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನವರು ಐದು ವರ್ಷಕ್ಕೊಮ್ಮೆ ತಪಾಸಣೆಗೆ ಕರೆಯುತ್ತಾರೆ. ಗೌಡ್ರನ್ನು ತಕ್ಕಡಿ ಹತ್ತಿಸಿದ ಆಕೆ, ಬಿಳಿಯರಿಗಾದರೆ ಬಿಎಂಐ 25 ದಾಟುವವರೆಗೆ ಸುಮ್ಮನಿರುತ್ತೇವೆ, ನಿಮ್ಮ ದೇಶದ ಕಡೆಯವರಿಗೆ 23ಕ್ಕೇ ಎಚ್ಚರಿಕೆ ಕೊಡುತ್ತೇವೆ, 27.5 ಆದರೆ ಬೊಜ್ಜು ಅಂತಲೇ ಲೆಕ್ಕ ಎಂದಳಂತೆ. ನಮ್ಮವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುವುದರಿಂದ ಈ ಅಳತೆ. ಗೌಡ್ರು ಇದನ್ನು ವರ್ಣಭೇದವೆಂದು ಭಾವಿಸಿ ಒಂದು ವಾರ ಕೋಪಿಸಿಕೊಂಡಿದ್ದರು. ಊಟಕ್ಕೆ ಎಷ್ಟು ಹೊತ್ತು ತಗೋತೀರಿ ಎಂದು ಕೇಳಿದಾಗ ಇವರು ‘ಹತ್ತು ನಿಮಿಷ’ ಎಂದರೆ, ಪಕ್ಕದಲ್ಲಿದ್ದ ಅವರ ಹೆಂಡತಿ (ನಮಗೆಲ್ಲ ಅಕ್ಕ) ‘ನಾಲ್ಕು’ ಎಂದು ತಿದ್ದಿದರಂತೆ. ಅಲ್ಲಿಂದ ಶುರು.

“ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟೋಕೆ ಸುಮಾರು 20 ನಿಮಿಷ ಬೇಕು ಕಣ್ರೀ. ನೀವು ಅಷ್ಟರಲ್ಲಿ ಎರಡು ಊಟ ಮುಗಿಸಿರ್ತೀರಿ” ಎನ್ನುತ್ತಾರೆ ನನ್ನ ಹೊಟ್ಟೆಯನ್ನೇ ನೋಡುತ್ತ. ಮಾತು ಸುಳ್ಳಲ್ಲ. ನಾನು ಹಾಸ್ಟೆಲಿನಲ್ಲಿ ಬೆಳೆದವನು. ಅಲ್ಲಿ ನಿಧಾನವಾಗಿ ಉಂಡವನಿಗೆ ಎರಡನೇ ಸಲ ಸಿಗುತ್ತಿದ್ದದ್ದು ಸಾಂಬಾರಿನ ಹೆಸರು ಮಾತ್ರ.

ಗೌಡ್ರ ಗುರು ಅಮೆರಿಕದ ಹೊರೇಸ್ ಫ್ಲೆಚರ್. 1849ರಲ್ಲಿ ಹುಟ್ಟಿ 1919ರಲ್ಲಿ ತೀರಿಕೊಂಡ ಈ ಮಹಾಶಯ ಬಾಯಲ್ಲಿ ಎಲ್ಲವೂ ನೀರಾಗುವವರೆಗೆ ಅಗಿಯಿರಿ ಎಂದು ಲೋಕಕ್ಕೆಲ್ಲ ಸಾರಿದ. ತಾನೂ ಹಾಗೆ ಅಗಿದೇ ತೂಕ ಇಳಿಸಿದ್ದ. ಒಂದು ಸಣ್ಣ ಈರುಳ್ಳಿಯ ತುಣುಕನ್ನು 722 ಸಲ ಅಗಿದನೆಂದು ದಾಖಲೆಯಿದೆ. ನಮ್ಮ ಸಾಂಬಾರ್ ಈರುಳ್ಳಿಯಂಥದ್ದೇ! ಕಾದಂಬರಿಕಾರ ಕಾಫ್ಕಾ ಕೂಡ ಈ ಮತಕ್ಕೆ ಸೇರಿದವನು. ಮಗ ಅಗಿಯುವುದನ್ನು ನೋಡಲಾರದೆ ಅವನ ಅಪ್ಪ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದನಂತೆ. ಆ ಅಪ್ಪನ ಬಗ್ಗೆ ಸಾಹಿತ್ಯ ವಿಮರ್ಶಕರು ಏನೇನೋ ಬರೆದಿದ್ದಾರೆ. ನನಗೆ ಅವನ ಮೇಲೆ ಅನುಕಂಪವಿದೆ.

ಗೌಡ್ರ ಸಿದ್ಧಾಂತಕ್ಕೆ ಮೊದಲ ಪೆಟ್ಟು ಬಿದ್ದದ್ದು ಮುದ್ದೆಯಿಂದ. ಪಕ್ಕದ ಸ್ಟೇಷನ್ ಸೌತಾಲ್‌ನಿಂದ ರಾಗಿಹಿಟ್ಟು ತಂದು, ಬಸ್ಸಾರು ಮಾಡಿ, ಮುರಿದ ತುತ್ತನ್ನು ಬಾಯಿಗಿಟ್ಟು 32 ಸಲ ಅಗಿಯಲು ಹೊರಟರು. ಹತ್ತಕ್ಕೇ ಅದು ಅಂಗುಳಿಗೆ ಮೆತ್ತಿಕೊಂಡು ಎರಡು ದವಡೆ ಒಂದಾದವು. ಅದೇ ಹೊತ್ತಿಗೆ ಊರಿಂದ ಅವರವ್ವನ ವಿಡಿಯೋ ಕಾಲ್. “ಯಾಕ್ ಮಗ, ಹಲ್ ನೋಯ್ತಾ ಅದಾ? ಮುದ್ದೇನ ಯಾರಾರ ಅಗೀತಾರಾ? ನುಂಗ್ಲಾ!” ಎಂದು ಆ ತಾಯಿ ಗದರಿದರು. ಅಂದಿನಿಂದ ಮುದ್ದೆಗೆ ಮಾತ್ರ ವಿನಾಯಿತಿ. ಅನ್ನ, ಚಪಾತಿ, ಇಡ್ಲಿಗಳ ಮೇಲಿನ ಹಿಂಸೆ ಮುಂದುವರಿದಿದೆ. ದೋಸೆಯ ಗತಿಯಂತೂ ಕೇಳಬೇಡಿ. ಗರಿಗರಿಯಾಗಿ ತಟ್ಟೆಗೆ ಬಂದದ್ದು ಇವರು ಅರ್ಧ ತಿನ್ನುವಷ್ಟರಲ್ಲಿ ಒದ್ದೆ ಟವೆಲ್ಲು.

ಈಗ ಯುಗಾದಿ ಊಟದ ವಿಷಯಕ್ಕೆ ಬರುತ್ತೇನೆ. ಬರೆಯಲು ಕೂತದ್ದೇ ಅದಕ್ಕಾಗಿ.

ನಾವೊಂದಷ್ಟು ಸಂಸಾರಗಳು ಸೇರಿ ಹಾಲ್ ಬಾಡಿಗೆ ಹಿಡಿದಿದ್ದೆವು. ನಾಲ್ಕು ಗಂಟೆಗೆ ಬಿಟ್ಟುಕೊಡಬೇಕು, ಮೂರು ಪಂಕ್ತಿ ಏಳಬೇಕು. ಹಿರಿಯರೆಂದು ಗೌಡ್ರನ್ನು ಮೊದಲ ಪಂಕ್ತಿಯ ತುದಿಗೆ ಕೂರಿಸಿದ್ದು ಯಾರು ಎಂಬುದು ಇನ್ನೂ ತನಿಖೆಯಲ್ಲಿದೆ. ಪಂಕ್ತಿಯ ನಿಯಮ ನಿಮಗೆ ಗೊತ್ತು: ಪಕ್ಕದವರ ಊಟ ಮುಗಿಯದೆ ಏಳುವಂತಿಲ್ಲ, ಹಿರಿಯರು ಏಳದೆ ಯಾರೂ ಏಳುವಂತಿಲ್ಲ. ಗೌಡ್ರು ಕೋಸಂಬರಿಯಿಂದ ಆರಂಭಿಸಿದರು. ಒಂದೊಂದು ಹೆಸರುಬೇಳೆಗೂ ನ್ಯಾಯ ಒದಗಿಸಿದರು. ನಾವು ಹುಳಿ ಮುಗಿಸಿ ಸಾರಿಗೆ ಬಂದಾಗ ಅವರಿನ್ನೂ ಪಲ್ಯದಲ್ಲಿದ್ದರು. ಎಲೆಯ ಮೇಲೆ ಬಿದ್ದ ಸಾರು ಯಾರಿಗೂ ಕಾಯುವುದಿಲ್ಲ. ಅನ್ನದ ಕಟ್ಟೆ ಒಡೆದು ಅದು ಪಕ್ಕದವರ ಪಂಚೆಯತ್ತ ಹೊರಟಿತು; ಗೌಡ್ರು ನಿರ್ಲಿಪ್ತರಾಗಿ ಅಗಿಯುತ್ತಿದ್ದರು. ನಮ್ಮ ಕೈ ಒಣಗಿತು. ಒಬ್ಬಟ್ಟಿನ ಮೇಲಿನ ತುಪ್ಪ ಲಂಡನ್ ಚಳಿಗೆ ಹೆಪ್ಪುಗಟ್ಟಿತು. ಎರಡನೇ ಪಂಕ್ತಿಯ ಮಕ್ಕಳು ನಮ್ಮ ಕುರ್ಚಿಗಳ ಹಿಂದೆ ಬಂದು ನಿಂತು ಕತ್ತಿನ ಮೇಲೆ ಉಸಿರುಬಿಡತೊಡಗಿದರು. ಬೀಗದ ಕೈ ಹಿಡಿದ ಪಂಜಾಬಿ ತಾತ ಬಾಗಿಲಲ್ಲಿ ಎರಡು ಸಲ ಕೆಮ್ಮಿ ಹೋದ.

ಖಾಲಿ ಎಲೆಯ ಮುಂದೆ ಸುಮ್ಮನೆ ಕೂತವನು ಏನು ಮಾಡಬೇಕು? ಬಡಿಸುವವರು ಒಬ್ಬಟ್ಟಿನ ತಟ್ಟೆ ಹಿಡಿದು ಮತ್ತೊಮ್ಮೆ ಬಂದರು. ಬೇಸರಕ್ಕೆ ಒಂದು ಹಾಕಿಸಿಕೊಂಡೆ. ಅವರು ಮತ್ತೆ ಬಂದರು, ಮತ್ತೊಂದು. ಆ ಸಾಲಿನಲ್ಲಿದ್ದ ಎಲ್ಲರದೂ ಇದೇ ಕತೆ. ಒಬ್ಬ ಮನುಷ್ಯ ತೂಕ ಇಳಿಸಲು ನಿಧಾನವಾಗಿ ಉಂಡ; ಅವನಿಗಾಗಿ ಕಾದ ಇಡೀ ಪಂಕ್ತಿ ತೂಕ ಏರಿಸಿಕೊಂಡಿತು. ಹೇಸ್ ಕನ್ನಡಿಗರ ಒಟ್ಟು ಲೆಕ್ಕ ಹಾಕಿದರೆ ನಷ್ಟವೇ.

ಆ ಸಿಟ್ಟಿನಲ್ಲಿ ನಾನು ಚರಕ ಸಂಹಿತೆಯನ್ನು ಹುಡುಕಿದೆ. ವಿಮಾನಸ್ಥಾನದ ಮೊದಲ ಅಧ್ಯಾಯದಲ್ಲೇ ಇದೆ: ಅತಿ ಬೇಗ ಉಣ್ಣಬಾರದು, ಅತಿ ನಿಧಾನವಾಗಿಯೂ ಉಣ್ಣಬಾರದು. ಅತಿ ನಿಧಾನದವನಿಗೆ ತೃಪ್ತಿಯಾಗುವುದಿಲ್ಲ, ಹೆಚ್ಚು ತಿನ್ನುತ್ತಾನೆ, ಊಟವೂ ಆರಿಹೋಗುತ್ತದೆ. ಮಾತಾಡದೆ ಉಣ್ಣಬೇಕು ಎಂದೂ ಇದೆ. ಇದನ್ನು ಓದಿ ಹೇಳಿದಾಗ ಗೌಡ್ರು ಬಾಯಲ್ಲಿದ್ದದ್ದನ್ನು ಪೂರ್ತಿ ಮುಗಿಸಿ, “ಅದು ಅತಿ ನಿಧಾನದೋರಿಗೆ. ನಾನು ಮಧ್ಯಮ” ಎಂದರು.

ಸುತ್ತ ಎಲ್ಲರೂ ತೂಕ ಇಳಿಸಲು ವೆಗೋವಿ, ಮೌಂಜಾರೊ ಎಂದು ವಾರಕ್ಕೊಂದು ಚುಚ್ಚಿಕೊಳ್ಳುವುದನ್ನು ಕಂಡರೆ ಅವರಿಗೆ ನಗು. ಆ ಚುಚ್ಚುಮದ್ದು ಅನುಕರಿಸುವ ಜಿಎಲ್‌ಪಿ-1 ಉಂಡಾಗ ನಮ್ಮ ಕರುಳಿನಲ್ಲೇ ಒಸರುವ ಹಾರ್ಮೋನು. “ನಾನು ಪುಕ್ಕಟೆ ತಯಾರಿಸ್ಕೋತೀನಿ” ಎನ್ನುತ್ತಾರೆ. ಕರುಳಿನದು ರಕ್ತದಲ್ಲಿ ನಿಲ್ಲುವುದು ಒಂದೆರಡು ನಿಮಿಷ, ಔಷಧಿಯದು ದಿನಗಟ್ಟಲೆ ಎಂಬ ವ್ಯತ್ಯಾಸವನ್ನು ನಾನು ಎತ್ತಿದರೆ ಮತ್ತೆ ಅಗಿಯುವುದರಲ್ಲಿ ಮಗ್ನರಾಗುತ್ತಾರೆ. ಬಾಯಿ ತುಂಬಿರುವವನನ್ನು ವಾದದಲ್ಲಿ ಸೋಲಿಸಲಾಗದು.

ಆದರೂ ಒಪ್ಪಬೇಕಾದ್ದನ್ನು ಒಪ್ಪಬೇಕು. ಹೇಸ್ ಮೂಲಕ ಹಾದುಹೋಗುವ ರೈಲು ಹಳಿಯ ಆ ತುದಿಯಲ್ಲಿ ಬ್ರಿಸ್ಟಲ್ ಇದೆ. ಅಲ್ಲಿ 9ರಿಂದ 17 ವಯಸ್ಸಿನ ದಪ್ಪ ಮಕ್ಕಳ ತಟ್ಟೆಯಡಿ ಸ್ವೀಡನ್ನಿನ ಒಂದು ಕಂಪ್ಯೂಟರ್ ತಕ್ಕಡಿ ಇಟ್ಟು, ಉಣ್ಣುವ ವೇಗವನ್ನು ಪರದೆಯ ಮೇಲೆ ತೋರಿಸಿ ನಿಧಾನ ಕಲಿಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ವರ್ಷದ ಕೊನೆಗೆ ಮಾಮೂಲಿ ಚಿಕಿತ್ಸೆ ಪಡೆದ ಮಕ್ಕಳಿಗಿಂತ ಇವರ ಬಿಎಂಐ ಹೆಚ್ಚು ಇಳಿದಿತ್ತು. ಪ್ರಯೋಗ ಮುಗಿದು ಆರು ತಿಂಗಳಾದ ಮೇಲೂ ಆ ಲಾಭ ಉಳಿದಿತ್ತು. ಮಕ್ಕಳು ಬಡಿಸಿಕೊಳ್ಳುವುದೂ ಕಡಿಮೆಯಾಗಿತ್ತು. ಗುಟ್ಟು ಬಹುಶಃ ಅಲ್ಲೇ ಇದೆ, ಹಲ್ಲುಗಳ ಲೆಕ್ಕದಲ್ಲಲ್ಲ. ಗೌಡ್ರ ಬೆಲ್ಟೂ ಒಳಗೊಳಗೆ ಸರಿದಿದೆ, ಮೂರು ವರ್ಷವಾದರೂ ಹೊರಗೆ ಬಂದಿಲ್ಲ. ಜಿಮ್ಮಿಗೆ ದುಡ್ಡು ಕಟ್ಟಿದ ನಮ್ಮ ಬೆಲ್ಟುಗಳ ಸುದ್ದಿ ಇಲ್ಲಿ ಬೇಡ.

ಅವರು ಬಹಳ ವರ್ಷ ವಿಮಾನ ನಿಲ್ದಾಣದ ಸರಕಿನ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡಿದವರು. ಬೆಳಗಿನ ಜಾವ ಬಂದು, ಅಡುಗೆಕಟ್ಟೆಗೆ ಒರಗಿ ನಿಂತು, ಡಬ್ಬಿಯಿಂದಲೇ ತಣ್ಣನೆಯ ಅನ್ನ ಬಾಚಿ ತಿಂದು ಮಲಗುತ್ತಿದ್ದರು. ಅಕ್ಕ ಅಷ್ಟರಲ್ಲಿ ತಮ್ಮ ಕೆಲಸಕ್ಕೆ ಹೊರಟಿರುತ್ತಿದ್ದರು. ನಾಲ್ಕು ನಿಮಿಷದ ಊಟ ಕಲಿತದ್ದು ಹಾಗೆ. ಬಾಲ್ಯದಲ್ಲಿ ಇವರೂ ನನ್ನಂತೆ ಅಜ್ಜಿಯ ಸುತ್ತ ಕೂತು ಕೈತುತ್ತು ತಿಂದವರೇ. ಆರೇಳು ಮಕ್ಕಳ ಸುತ್ತು ಮುಗಿದು ತನ್ನ ಸರದಿ ಬರುವವರೆಗೆ ಎಲ್ಲರೂ ಕಾಯಲೇಬೇಕು. ಯಾವ ನರ್ಸಮ್ಮನೂ ಇಲ್ಲದೆ ಅಲ್ಲಿ ನಿಧಾನ ತಾನಾಗಿ ಬರುತ್ತಿತ್ತು. (ಅಜ್ಜಿ ‘ಇದೇ ಕೊನೇದು’ ಎಂದು ಐದು ತುತ್ತು ಹೆಚ್ಚು ಹಾಕುತ್ತಿದ್ದಳು ಎಂಬುದನ್ನೂ ಮರೆಯಬಾರದು.) ಈಗ ಗೌಡ್ರು ಹಗಲು ಪಾಳಿ. ಏಳಕ್ಕೆ ಊಟಕ್ಕೆ ಕೂರುತ್ತಾರೆ. ಎಂಟಕ್ಕೆ ಅಕ್ಕ ಕೆಲಸ ಮುಗಿಸಿ ಬಂದಾಗ ಇವರ ಊಟ ಇನ್ನೂ ನಡೆದಿರುತ್ತದೆ. ಹಾಗಾಗಿ ಈಗೀಗ ಗಂಡಹೆಂಡತಿ ಒಟ್ಟಿಗೆ ಉಣ್ಣುತ್ತಾರೆ. ಹಿಂದೆ ಭಾನುವಾರವೂ ಇದು ಆಗುತ್ತಿರಲಿಲ್ಲವೆಂದು ಅಕ್ಕ ಹೇಳುತ್ತಾರೆ.

ನೀವು ಈ ಕಡೆ ಬಂದಾಗ ಅವರು ಊಟಕ್ಕೆ ಕರೆದೇ ಕರೆಯುತ್ತಾರೆ. ಖಂಡಿತ ಹೋಗಿ, ಅಕ್ಕನ ಬಸ್ಸಾರು ಬಿಡುವಂಥದ್ದಲ್ಲ. ಎಲಿಜಬೆತ್ ಲೈನಿನ ಕೊನೆಯ ರೈಲು ಎಷ್ಟು ಹೊತ್ತಿಗೆ ಎಂಬುದನ್ನು ಮಾತ್ರ ಕೈ ತೊಳೆಯುವ ಮೊದಲೇ ನೋಡಿಟ್ಟುಕೊಳ್ಳಿ.