ಗೋಡೆಗಳ ಸರದಿ

ಆಸ್ಟ್ರೇಲಿಯಾದ ಬ್ಯಾಥರ್ಸ್ಟ್ ಊರಿನ ಮೌಂಟ್ ಪನೋರಮಾ ಬೆಟ್ಟದಲ್ಲಿ 1938ರಿಂದ ರೇಸ್ ನಡೆಯುತ್ತಿದೆ. ರೇಸ್ ಇಲ್ಲದ ದಿನ ಅದು ಸಾರ್ವಜನಿಕ ರಸ್ತೆ; ಗಂಟೆಗೆ 60 ಕಿ.ಮೀ. ದಾಟಿದರೆ ದಂಡ. ಪಕ್ಕದಲ್ಲೇ ಮನೆ ಮಾಡಿಕೊಂಡವರು ಹಾಲು ತರುವುದಕ್ಕೂ ಇದೇ ರಸ್ತೆಯಲ್ಲಿ ಇಳಿಯಬೇಕು. ಮನಸಾರೆ ಓಡಿಸಬೇಕೆಂದರೆ ನಮ್ಮಂಥವರಿಗೆ ಸಿಮ್ಯುಲೇಟರೇ ಗತಿ.

ಒಂದು ಸುತ್ತು 6.213 ಕಿ.ಮೀ., ತಿರುವು 23, ಏರಿಳಿತ 174 ಮೀಟರ್. ಹತ್ತುವಾಗ ಧೈರ್ಯಕ್ಕೇನೂ ಕೊರತೆಯಿಲ್ಲ. ಮೇಲೆ ಸ್ಕೈಲೈನ್ ಎಂಬ ಜಾಗ ತಲುಪಿದಿರೋ, ರಸ್ತೆಯೇ ಮಾಯ. ಕಾಣುವುದು ಬರೀ ಆಕಾಶ. ಆಮೇಲೆ ಎಸ್ಸಸ್ ತಿರುವುಗಳು. ಎರಡೂ ಕಡೆ ಕಾಂಕ್ರೀಟ್ ಗೋಡೆ. ಬಾಡಿಗೆ ಬಾಕಿ ಕೇಳಲು ಬಂದ ಮನೆ ಮಾಲೀಕನಂತೆ, ಎತ್ತ ಸರಿದರೂ ಎದುರಿಗೇ ನಿಂತಿರುತ್ತದೆ. ಕುರ್ಚಿಯಲ್ಲಿ ಕೂತವನು ಕಾರಿಗಿಂತ ಮೊದಲು ತಾನೇ ವಾಲುತ್ತಾನೆ, ಸ್ಟಿಯರಿಂಗಿಗೆ ಬುದ್ಧಿ ಹೇಳುತ್ತಾನೆ. ಅಡುಗೆಮನೆಯಿಂದ ಪ್ರಶ್ನೆ: "ಏನ್ರೀ ಅದು, ಯಾವ್ ಪಾತ್ರೆ ಬಿತ್ತು?"

ಬದುಕಿ ಉಳಿದವರಿಗೆ ಕಾನ್‌ರಾಡ್ ಸ್ಟ್ರೇಟ್ ಎಂಬ ನೇರ ರಸ್ತೆ ಉಂಟು. ಕಾಲು ಚಾಚಿ ಒತ್ತಿದರೆ ಸಾಕು, ಸುಖ. ಇಲ್ಲಿ ನಿಜವಾದ ರೇಸಿಗೇ ಕಾಂಗರೂ ಅಡ್ಡ ಬಂದದ್ದುಂಟು. ನನ್ನ ಪರದೆಯಲ್ಲಿ ಇನ್ನೂ ಒಂದೂ ಕಂಡಿಲ್ಲ. ಬರುವುದಾದರೆ ಗೋಡೆಗಳ ಸರದಿ ಮುಗಿದ ಮೇಲೆ ಬರಲಿ.