ಮೇಜೇ ಇಲ್ಲದ ಅರ್ಜಿಯ ಸಂದರ್ಶನ

1996ರಲ್ಲಿ ಕ್ಯಾಲಿಫೋರ್ನಿಯದ ಮತದಾರರು ಒಪ್ಪಿಗೆ ಕೊಟ್ಟ ಮೇಲೆ ಅಮೆರಿಕದ ರಾಜ್ಯಗಳು ಒಂದೊಂದಾಗಿ ವೈದ್ಯಕೀಯ ಗಾಂಜಾಕ್ಕೆ ಬಾಗಿಲು ತೆರೆದವು. ಹಲವೆಡೆ ಅದಕ್ಕೊಂದು ಕಾರ್ಡ್ ಬೇಕು. ಅಲ್ಲಿನ ರೋಗಿ ವೈದ್ಯರ ಶಿಫಾರಸು ಲಗತ್ತಿಸಿ ಅರ್ಜಿ ಹಾಕುತ್ತಾನೆ, ಮಂಜೂರಾತಿಗೆ ಕಾಯುತ್ತಾನೆ, ತಡವಾದರೆ ಗೊಣಗುತ್ತಾನೆ. ಆದರೆ ಕಾಯುವುದಕ್ಕೂ ಒಂದು ಕಚೇರಿ ಬೇಕು, ಗೊಣಗುವುದಕ್ಕೂ ಒಬ್ಬ ಗುಮಾಸ್ತ ಬೇಕು. ನಮ್ಮಲ್ಲಿ ಎರಡೂ ಇಲ್ಲ. ಹಾಗಿದ್ದೂ ಕೊಡಗಿನ ರೋಗಿಯೊಬ್ಬರ ಹೆಸರಿನಲ್ಲಿ ಅಂಥದೊಂದು ಅರ್ಜಿ ಹುಟ್ಟಿಕೊಂಡಿದೆ, ಮಡಿಕೇರಿಯ ಯಾವುದೋ ಕಚೇರಿಯ ಪಡಸಾಲೆಯ ಬೆಂಚಿನ ಮೇಲೆ ಕಕ್ಕಡ ಮಾಸದ ತೇವಕ್ಕೆ ಅಂಚೆಲ್ಲ ಬೂಷ್ಟು ಹಿಡಿದು ಕೂತಿದೆ ಎಂದುಕೊಳ್ಳೋಣ. ಅದರೊಡನೆ ನಡೆಸಿದ ಕಾಲ್ಪನಿಕ ಮಾತುಕತೆ ಇದು. ಪ್ರಶ್ನೆಗಳು ಸಮಾಜದವು. ಉತ್ತರ ಅರ್ಜಿಯದು. ತೀರ್ಪು ಮಾತ್ರ ಈ ಲೇಖಕನದು.

ಪ್ರಶ್ನೆ: ಅರ್ಜಿಯವರೇ, ನೀವು ಯಾರಿಗೆ ಬರೆದ ಅರ್ಜಿ?

ಅರ್ಜಿ: ಅದೇ ನನ್ನ ಮೊದಲ ಕಷ್ಟ. ‘ಗೆ’ ಎಂದು ಬರೆದ ಮೇಲೆ ಕೆಳಗಿನ ಸಾಲು ಇನ್ನೂ ಖಾಲಿ ಇದೆ. ಅಬಕಾರಿಯವರ ಮುಂದೆ ಹೋದರೆ ‘ರೋಗ ನಮ್ಮ ವಿಷಯವಲ್ಲ’ ಅನ್ನುತ್ತಾರೆ. ಆರೋಗ್ಯ ಇಲಾಖೆಯವರ ಮುಂದೆ ಹೋದರೆ ‘ಗಾಂಜಾ ನಮ್ಮ ವಿಷಯವಲ್ಲ’ ಅನ್ನುತ್ತಾರೆ. ಔಷಧ ನಿಯಂತ್ರಣದವರು ಆಯುಷ್ ಕಡೆ ಕೈ ತೋರಿಸುತ್ತಾರೆ, ಆಯುಷ್‌ನವರು ಔಷಧ ನಿಯಂತ್ರಣದ ಕಡೆ. ನನ್ನನ್ನು ಕೂರಿಸಿ ಅಕ್ಕರೆಯಿಂದ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಕೇಳಿ ಬರೆದುಕೊಂಡವರು ಪೊಲೀಸರು ಮಾತ್ರ. ತಿರಸ್ಕೃತವಾದ ಅರ್ಜಿಗೆ ಒಂದು ಷರಾ ಸಿಗುತ್ತದೆ, ಮೇಲ್ಮನವಿಗೆ ದಾರಿಯಾಗುತ್ತದೆ. ನನ್ನನ್ನು ಯಾರೂ ತಿರಸ್ಕರಿಸಿಲ್ಲ. ತಿರಸ್ಕರಿಸಲು ಮೊದಲು ಸ್ವೀಕರಿಸಬೇಕು.

ಪ್ರಶ್ನೆ: ಗಾಂಜಾ ಈ ದೇಶದಲ್ಲಿ ನಿಷಿದ್ಧ. ಕಾನೂನು ಬದಲಾಗದೆ ನಿಮಗೆ ಮೇಜು ಎಲ್ಲಿಂದ ಬರಬೇಕು?

ಅರ್ಜಿ: ಎಲ್ಲರೂ ಹೀಗೇ ಕೇಳುತ್ತಾರೆ, ಕಾನೂನನ್ನು ಓದಿದವರು ಮಾತ್ರ ಕೇಳುವುದಿಲ್ಲ. 1985ರ ಮಾದಕವಸ್ತು ನಿಯಂತ್ರಣ ಕಾಯ್ದೆಯ, ಅಂದರೆ ಎನ್‌ಡಿಪಿಎಸ್ ಕಾಯ್ದೆಯ, 8ನೇ ಕಲಮು ನಿಷೇಧವನ್ನು ಸಾರುವ ಉಸಿರಿನಲ್ಲೇ ‘ವೈದ್ಯಕೀಯ ಅಥವಾ ವೈಜ್ಞಾನಿಕ ಉದ್ದೇಶ’ವನ್ನು ಹೊರಗಿಡುತ್ತದೆ. ಅದು ನಿಯಮದ ಪ್ರಕಾರ ನಡೆಯಬೇಕು ಎನ್ನುತ್ತದೆ, ಅಷ್ಟೇ. 10ನೇ ಕಲಮು ಚರಸ್ ಒಂದನ್ನು ಬಿಟ್ಟು ಗಾಂಜಾದ ಉತ್ಪಾದನೆ, ಮಾರಾಟ, ಬಳಕೆಗೆ ನಿಯಮ ಮಾಡಿ ಅನುಮತಿ ಕೊಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೇ ಒಪ್ಪಿಸಿದೆ. ಅದೇ ಕಾಯ್ದೆಯ ಲೆಕ್ಕದಲ್ಲಿ ಗಿಡದ ಹೂತುದಿ ಅಪರಾಧ, ಹೂತುದಿ ಸೇರಿರದ ಎಲೆ ಅಪರಾಧವಲ್ಲ, ಬೀಜವೂ ಅಲ್ಲ. ಭಂಗಿ ಈ ಕಾಯ್ದೆಯ ನಿಷೇಧಕ್ಕೆ ಬರುವುದಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಒಂದು ಜಾಮೀನು ಪ್ರಕರಣದಲ್ಲಿ ಹೇಳಿತು. 1940ರ ಔಷಧ ಕಾನೂನಿನಡಿಯ ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಲ್ಲಿ ಭಂಗಿಗೆ ಜಾಗವಿದೆ. ವಿಷದ್ರವ್ಯ ಎಂದರೆ ಔಷಧವೇ ಅಲ್ಲ ಎಂದಲ್ಲ, ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಕೊಡತಕ್ಕದ್ದು ಎಂದು. 2020ರ ಡಿಸೆಂಬರ್‌ನಲ್ಲಿ ವಿಯೆನ್ನಾದ ವಿಶ್ವಸಂಸ್ಥೆಯ ಸಭೆಯಲ್ಲಿ ಗಾಂಜಾವನ್ನು ಅತಿ ಕಟ್ಟುನಿಟ್ಟಿನ ಪಟ್ಟಿಯಿಂದ ತೆಗೆಯುವ ಪ್ರಶ್ನೆ ಬಂದಾಗ ಪರವಾಗಿ 27, ವಿರುದ್ಧವಾಗಿ 25 ಮತ ಬಿದ್ದವು. ಪರವಾಗಿ ಎದ್ದ ಕೈಗಳಲ್ಲಿ ಭಾರತದ್ದೂ ಒಂದು. ವಿಯೆನ್ನಾದಲ್ಲಿ ಎದ್ದ ಕೈಗೆ ಮಡಿಕೇರಿಯಲ್ಲಿ ಒಂದು ಸಹಿ ಹಾಕಲು ಏನು ಕಷ್ಟವೋ ತಿಳಿಯದು. ಹೊಸ ಕಾನೂನನ್ನು ನಾನು ಕೇಳುತ್ತಿಲ್ಲ. ಇರುವ ಕಾನೂನು ಬಿಟ್ಟುಕೊಟ್ಟ ಜಾಗದಲ್ಲಿ ಒಂದು ಮೇಜು ಹಾಕಿ ಎಂದಷ್ಟೇ ಕೇಳುತ್ತಿದ್ದೇನೆ.

ಪ್ರಶ್ನೆ: ಕೊಡಗಿನ ಪರಿಸ್ಥಿತಿ ನಿಮಗೆ ಗೊತ್ತಿದೆಯೇ? ಕುಟ್ಟದಲ್ಲಿ, ಮಾಕುಟ್ಟದಲ್ಲಿ ಗಡಿ ತಪಾಸಣೆ ನಡೆಯುತ್ತದೆ. ಗಾಂಜಾ ಪ್ರಕರಣಗಳ ಸುದ್ದಿ ಆಗಾಗ ಬರುತ್ತದೆ. ತಂದೆತಾಯಿಗಳು ಹೆದರಿದ್ದಾರೆ. ಇಂಥ ಜಿಲ್ಲೆಗೆ ಕಾರ್ಡ್ ಬೇಕೇ?

ಅರ್ಜಿ: ಹೆದರಿಕೆ ನ್ಯಾಯವಾದದ್ದೇ, ಅದನ್ನು ನಾನು ಹಗುರಾಗಿ ಕಾಣುವುದಿಲ್ಲ. ಬೆಳೆಯುವ ವಯಸ್ಸಿನ ಮಿದುಳಿಗೆ ಗಾಂಜಾ ಕೇಡು ಎಂಬುದು ವೈದ್ಯರ ಮಾತು, ನನ್ನ ಮೇಲೆಯೇ ಅದನ್ನು ಅಚ್ಚು ಹಾಕಿ. 20 ಕಿಲೋ ಮೇಲ್ಪಟ್ಟು ಸಾಗಿಸುವವನಿಗೆ ಹತ್ತರಿಂದ ಇಪ್ಪತ್ತು ವರ್ಷದ ಕಠಿಣ ಶಿಕ್ಷೆ ಇದೆ, ಇರಲಿ. ಆದರೆ ಕಾಳದಂಧೆಯವನನ್ನೂ ಫಿಟ್ಸ್ ಬರುವ ಮಗುವಿನ ತಂದೆಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಲಾಭ ದಂಧೆಯವನಿಗೆ. ಬಾಗಿಲು ಮುಚ್ಚಿದ್ದಷ್ಟೂ ಅವನ ಗಿರಾಕಿ ಹೆಚ್ಚು. ಇನ್ನು ನಂಬಿಕೆಯ ಮಾತು. ಕೋವಿಯ ವಿಷಯದಲ್ಲಿ ಸರ್ಕಾರ ಈ ಜಿಲ್ಲೆಯನ್ನು ನಂಬಿದಷ್ಟು ಬೇರೆ ಯಾವ ಜಿಲ್ಲೆಯನ್ನು ನಂಬಿದೆ? ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯ ಅಗತ್ಯವಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆ ವಿನಾಯಿತಿಗೂ ಒಂದು ಪತ್ರವಿದೆ, ಅದನ್ನು ಕೊಡುವ ಕಚೇರಿಯಿದೆ, ಕೋವಿಯ ಲೆಕ್ಕವಿದೆ. ಅಪಾಯಕಾರಿ ವಸ್ತುವೊಂದನ್ನು ಲೆಕ್ಕವಿಟ್ಟು, ಗುರುತಿಸಿದ ಕೈಗೆ ಕೊಡುವ ಕ್ರಮ ಇಲ್ಲಿಗೆ ಹೊಸತಲ್ಲ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಪೂಜಿಸುವ ಮನೆಯ ಅಜ್ಜಿಗೆ ವಾಂತಿ ನಿಲ್ಲಿಸುವ ಗುಳಿಗೆಯೊಂದರ ಲೆಕ್ಕ ಇಡಲಾಗದು ಎಂದರೆ ಯಾರು ನಂಬಬೇಕು?

ಇನ್ನೊಂದು ವಿಚಿತ್ರ ಕೇಳಿ. ಕಾಯ್ದೆಯ 64ಎ ಕಲಮಿನ ಪ್ರಕಾರ, ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಬಂದರೆ ಸಣ್ಣ ಪ್ರಮಾಣದ ಅಪರಾಧದಿಂದ ರಕ್ಷಣೆ ಉಂಟು. ಇದು ಮಾನವೀಯ ಕಲಮು, ಇದಕ್ಕೆ ನನ್ನ ನಮಸ್ಕಾರ. ಆದರೆ ರೋಗಕ್ಕೆ ಔಷಧವೆಂದು ಬಳಸಿದವನಿಗೆ ಅಂಥ ಆಸರೆ ಇಲ್ಲ. ಅವನು ಕಾನೂನಿನ ಕರುಣೆಗೆ ಪಾತ್ರನಾಗಬೇಕಾದರೆ ಮೊದಲು ಚಟ ಹತ್ತಿಸಿಕೊಂಡು ಬರಬೇಕು!

ಪ್ರಶ್ನೆ: ಗಾಂಜಾ ನಿಜಕ್ಕೂ ಔಷಧವೇ? ಕ್ಯಾನ್ಸರ್ ವಾಸಿಯಾಗುತ್ತದೆ, ಸಕ್ಕರೆ ಕಾಯಿಲೆ ಹೋಗುತ್ತದೆ ಎಂದೆಲ್ಲ ಹೇಳುವವರಿದ್ದಾರೆ.

ಅರ್ಜಿ: ಅವರೇ ನನ್ನ ದೊಡ್ಡ ಶತ್ರುಗಳು. ಕಕ್ಕಡ ಹದಿನೆಂಟರಂದು ನಮ್ಮಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ, ಅಂದು ಆ ಸೊಪ್ಪಿನಲ್ಲಿ ಹದಿನೆಂಟು ಮದ್ದು ಸೇರಿರುತ್ತವೆ ಎಂಬುದು ನಂಬಿಕೆ. ಹಬ್ಬದೂಟಕ್ಕೆ ನಂಬಿಕೆ ಸಾಕು. ನನಗೆ ಸಾಲದು, ನನ್ನ ಜೊತೆ ಪುರಾವೆ ಲಗತ್ತಾಗಿರಬೇಕು. ಪುರಾವೆ ಗಟ್ಟಿಯಾಗಿರುವ ಕಡೆಗಳು ಕೆಲವೇ: ಮಕ್ಕಳಲ್ಲಿ ಬರುವ ಡ್ರಾವೆಟ್, ಲೆನಾಕ್ಸ್-ಗ್ಯಾಸ್ಟೊ ಎಂಬ ಹಟಮಾರಿ ಅಪಸ್ಮಾರಗಳು, ಕೀಮೋಥೆರಪಿಯ ವಾಕರಿಕೆ, ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಸ್ನಾಯುಸೆಳೆತ. ಆ ಅಪಸ್ಮಾರಗಳಿಗೆ ಗಾಂಜಾ ಗಿಡದಿಂದ ತೆಗೆದ, ಅಮಲು ತರದ ಔಷಧವೊಂದಕ್ಕೆ ಅಮೆರಿಕದ ಔಷಧ ನಿಯಂತ್ರಕರು 2018ರಲ್ಲಿ ಒಪ್ಪಿಗೆ ಕೊಟ್ಟರು. ಇದರ ಹಿಂದಿನ ಕಥೆ ನಮ್ಮ ದೇಶದಲ್ಲೇ ಶುರುವಾದದ್ದು. 1839ರಲ್ಲಿ ಕಲ್ಕತ್ತೆಯ ವೈದ್ಯ ವಿಲಿಯಂ ಒಷಾನೆಸ್ಸಿ ಈ ಗಿಡವನ್ನು ಧನುರ್ವಾಯು ರೋಗಿಗಳ ಮೇಲೂ ಫಿಟ್ಸ್ ಬರುತ್ತಿದ್ದ ಹಸುಗೂಸಿನ ಮೇಲೂ ಪ್ರಯೋಗಿಸಿ ವರದಿ ಮಾಡಿದ. ಗಾಂಜಾದ ಮುಖ್ಯ ಅಂಶವನ್ನೇ ಕೃತಕವಾಗಿ ತಯಾರಿಸಿದ ಗುಳಿಗೆಗೆ ಅಮೆರಿಕ ಅನುಮತಿ ಕೊಟ್ಟದ್ದು 1985ರಲ್ಲಿ. ಅದೇ ವರ್ಷ ನಾವು ಬೀಗ ಹಾಕಿದೆವು. ಬೀಗದ ಕೈಯನ್ನು ರಾಜ್ಯಗಳಿಗೆ ಕೊಟ್ಟೇ ಹಾಕಿದೆವು ಎಂಬುದನ್ನು ಮರೆತೆವು.

ಪ್ರಶ್ನೆ: ಅಮೆರಿಕದಲ್ಲಿ ಕಾರ್ಡ್ ಪದ್ಧತಿ ಹಲವೆಡೆ ಬರೀ ನಾಟಕವಾಯಿತಲ್ಲ? ಬೆನ್ನುನೋವು ಅಂದರೆ ಸಾಕು, ಕಾರ್ಡ್ ಕೈಗೆ.

ಅರ್ಜಿ: ನಿಜ. ಕ್ಯಾಲಿಫೋರ್ನಿಯದ ಕಾನೂನು ಕೆಲವು ರೋಗಗಳ ಹೆಸರು ಹೇಳಿ, ಕೊನೆಗೆ ಗಾಂಜಾದಿಂದ ಉಪಶಮನ ಸಿಗುವ ಬೇರೆ ಯಾವುದೇ ಕಾಯಿಲೆ ಎಂದು ಬರೆದುಬಿಟ್ಟಿತು. ಆ ಬಾಲದೊಳಗೆ ಊರೇ ನುಗ್ಗಿತು. ಆದ್ದರಿಂದ ನನ್ನ ನಮೂನೆಯಲ್ಲಿ ಬಾಲ ಬೇಡ. ರೋಗಗಳ ಪಟ್ಟಿ ಮುಚ್ಚಿರಲಿ. ಶಿಫಾರಸು ಮಾಡುವವರು ನರರೋಗ ಅಥವಾ ಕ್ಯಾನ್ಸರ್ ತಜ್ಞರೇ ಆಗಿರಲಿ. ಕೊಡುವುದು ಸೇದುವ ಸೊಪ್ಪಲ್ಲ, ಅಳತೆಯಿಟ್ಟ ಗುಳಿಗೆ ಅಥವಾ ದ್ರಾವಣ. ಕಾರ್ಡ್‌ಗೆ ಅವಧಿ ಇರಲಿ. ಕಾಫಿ ಗಿಡದ ನೆರಳಲ್ಲಿ ಬೆಳೆಯಲು ಅನುಮತಿ ಕೊಡಿ ಎಂದೂ ನಾನು ಕೇಳುವುದಿಲ್ಲ. ಇಷ್ಟೊಂದು ಕಟ್ಟು ಹಾಕಿದರೆ ಯಾರಿಗೂ ಸಿಗಲಿಕ್ಕಿಲ್ಲವಲ್ಲ ಎನ್ನಬಹುದು. ಕೆಲವರಿಗೆ ಸಿಕ್ಕರೂ ಸಾಕು, ಇವತ್ತು ಸಿಗುತ್ತಿರುವುದು ಸೊನ್ನೆ.

ಪ್ರಶ್ನೆ: ನೋವಿಗೆ ಮಾರ್ಫಿನ್ ಇದೆಯಲ್ಲ? ಮೊದಲು ಅದು ಸರಿಯಾಗಿ ಸಿಗಲಿ ಎಂದರೆ?

ಅರ್ಜಿ: ಒಪ್ಪಿದೆ. ಮಾರ್ಫಿನ್ ನನಗೆ ಅಣ್ಣನಾಗಬೇಕು, ಅವನ ಕಥೆ ನನಗೆ ಪಾಠ. ಭಾರತ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಲೈಸೆನ್ಸ್ ಕೊಟ್ಟು ಅಫೀಮು ಬೆಳೆಸಿ ಜಗತ್ತಿನ ಔಷಧಕ್ಕೆ ಕಳಿಸುವ ದೇಶ. ಅದೇ ದೇಶದಲ್ಲಿ 1985ರಿಂದ 1997ರೊಳಗೆ ಮಾರ್ಫಿನ್‌ನ ವೈದ್ಯಕೀಯ ಬಳಕೆ ಶೇ 97ರಷ್ಟು ಕುಸಿಯಿತು. ಮಾರ್ಫಿನ್ ನಿಷೇಧವಾಗಿರಲಿಲ್ಲ. ಒಂದು ಆಸ್ಪತ್ರೆ ಅದನ್ನು ತರಿಸಬೇಕಾದರೆ ಒಂದಕ್ಕಿಂತ ಹೆಚ್ಚು ಇಲಾಖೆಗಳಿಂದ ಹಲವು ಲೈಸೆನ್ಸ್ ಬೇಕಿತ್ತು, ಕೊನೆಯದು ಕೈಗೆ ಬರುವಾಗ ಮೊದಲನೆಯದರ ಅವಧಿ ಮುಗಿದಿರುತ್ತಿತ್ತು. ಅಷ್ಟರಲ್ಲಿ ರೋಗಿಯದೂ ಮುಗಿದಿರುತ್ತಿತ್ತು. 2014ರಲ್ಲಿ ಸಂಸತ್ತು ಕಾಯ್ದೆ ತಿದ್ದಿತು. ಮಾರ್ಫಿನ್ ಸೇರಿ ಆರು ಔಷಧಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ ಬಂತು, ಮಾನ್ಯತೆ ಕೊಡುವ ಅಧಿಕಾರ ರಾಜ್ಯದ ಔಷಧ ನಿಯಂತ್ರಕರೊಬ್ಬರ ಕೈ ಸೇರಿತು. ಆ ಆರರಲ್ಲಿ ನನ್ನ ಔಷಧ ಇಲ್ಲ, ಆದರೆ ದಾರಿ ಮಾತ್ರ ಸ್ಪಷ್ಟವಾಗಿದೆ.

ದಾರಿ ನಡೆದು ತೋರಿಸಿದವರೂ ದೂರದವರಲ್ಲ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಜೊತೆಗಾರರು ಶುರುಮಾಡಿದ ಉಪಶಾಮಕ ಚಿಕಿತ್ಸೆಯ ಕೆಲಸ ಕೇರಳದ ಹಳ್ಳಿಹಳ್ಳಿಗೆ ಹಬ್ಬಿತು, 2008ರಲ್ಲಿ ಸರ್ಕಾರದ ನೀತಿಯೂ ಆಯಿತು. ಕುಟ್ಟದಿಂದ ಆಚೆ ಕಾಲಿಟ್ಟರೆ ವಯನಾಡು. ಈಚೆ, ಮಡಿಕೇರಿಯಲ್ಲಿ 2016ರಲ್ಲಿ ವೈದ್ಯಕೀಯ ಕಾಲೇಜು ಬಂದ ಮೇಲೂ ದೊಡ್ಡ ಕಾಯಿಲೆ ಎಂದರೆ ಸುಮಾರು 120 ಕಿಲೋಮೀಟರ್ ದೂರದ ಮೈಸೂರು, ಇಲ್ಲವೇ ಘಟ್ಟ ಇಳಿದು ಮಂಗಳೂರು. ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲಿ ಕೊಡಗಿನವರು ಸಾಮಾಜಿಕ ಜಾಲತಾಣದಲ್ಲಿ ದೊಡ್ಡ ಕೂಗೆಬ್ಬಿಸಿದ್ದು ಸುಮ್ಮನೆ ಅಲ್ಲ. ಆದ್ದರಿಂದ ಅಣ್ಣನಿಗೆ ಮೊದಲ ಸರದಿ ಕೊಡಿ, ನನ್ನ ಅಭ್ಯಂತರವಿಲ್ಲ. ಅಣ್ಣನ ಹೆಸರು ಹೇಳಿ ನನ್ನನ್ನು ಸಾಲಿನಿಂದಲೇ ಹೊರಗೆ ಹಾಕಬೇಡಿ.

ಪ್ರಶ್ನೆ: ಕೊನೆಯ ಪ್ರಶ್ನೆ. ಎಷ್ಟು ದಿನ ಕಾಯುತ್ತೀರಿ?

ಅರ್ಜಿ: ಕರ್ನಾಟಕದ ‘ಸಕಾಲ’ ಕಾಯ್ದೆ 2011ರದು. ಪಟ್ಟಿಯಲ್ಲಿರುವ ಸೇವೆ ನಿಗದಿತ ದಿನದೊಳಗೆ ಸಿಗದಿದ್ದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ನಾನು ಆ ಪಟ್ಟಿಯಲ್ಲಿಲ್ಲ. ನನ್ನ ಮಟ್ಟಿಗೆ ತಡ ಅನ್ನುವುದೇ ಇಲ್ಲ, ಏಕೆಂದರೆ ಗಡುವೇ ಇಲ್ಲ. ಆ 20 ರೂಪಾಯಿಗೆ ಅರ್ಹನಾಗುವುದೇ ಸದ್ಯಕ್ಕೆ ನನ್ನ ಮಹತ್ವಾಕಾಂಕ್ಷೆ.

ಮಾತುಕತೆ ಇಲ್ಲಿಗೆ ಮುಗಿಯಿತು. ಅರ್ಜಿಯ ವಾದವನ್ನು ತೂಗಿ ನೋಡಿದರೆ ಅದು ಕೇಳುತ್ತಿರುವುದು ಸ್ವಾತಂತ್ರ್ಯವನ್ನಲ್ಲ, ನಿಯಂತ್ರಣವನ್ನು. ಇದು ನಮ್ಮ ಆಡಳಿತಕ್ಕೆ ಅಪರಿಚಿತ ಯೋಚನೆಯೂ ಅಲ್ಲ. 1893-94ರ ಇಂಡಿಯನ್ ಹೆಂಪ್ ಡ್ರಗ್ಸ್ ಆಯೋಗ, ಅಂದು ಪ್ರತ್ಯೇಕ ಪ್ರಾಂತ್ಯವಾಗಿದ್ದ ಕೊಡಗನ್ನೂ ಸೇರಿಸಿಕೊಂಡು, ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿ, ಸಂಪೂರ್ಣ ನಿಷೇಧ ಅಗತ್ಯವೂ ಅಲ್ಲ ವಿವೇಕವೂ ಅಲ್ಲ, ಲೈಸೆನ್ಸು ಮತ್ತು ತೆರಿಗೆಯ ಹಿಡಿತವೇ ಸರಿ ಎಂದಿತ್ತು. ಆ ಆಯೋಗಕ್ಕೆ ಕಂದಾಯದ ಮೇಲೂ ಕಣ್ಣಿತ್ತು ಎಂದು ಆಕ್ಷೇಪಿಸಬಹುದು. ಹಾಗಾದರೆ ಕಂದಾಯದ ಆಸೆಗೆ ಆಗುತ್ತಿದ್ದ ಕೆಲಸ ರೋಗಿಯ ನೋವಿಗೆ ಏಕೆ ಆಗಬಾರದು? ರಾಜ್ಯ ಸರ್ಕಾರ ಮಾಡಬೇಕಾದದ್ದು ಮೂರೇ ಕೆಲಸ. ಕೊಡಗಿನ ಐದೂ ತಾಲ್ಲೂಕುಗಳಲ್ಲಿ ಮಾರ್ಫಿನ್ ಗುಳಿಗೆ ಸಿಗುವಂತೆ ಮಾಡುವುದು, ತಜ್ಞರ ಸಮಿತಿ ಕೂರಿಸಿ 10ನೇ ಕಲಮಿನಡಿ ಬಿಗಿಯಾದ ವೈದ್ಯಕೀಯ ನಿಯಮ ರೂಪಿಸುವುದು, ಆ ಸೇವೆಯನ್ನು ‘ಸಕಾಲ’ದ ಪಟ್ಟಿಗೆ ಸೇರಿಸುವುದು. ಸಮಿತಿ ಪರಿಶೀಲಿಸಿ ಬೇಡವೆಂದರೆ, ಕಾರಣ ಬರೆದು ತಿರಸ್ಕರಿಸಲಿ. ರೋಗಿಗೆ ‘ಇಲ್ಲ’ ಎನ್ನುವುದಕ್ಕೂ ಒಂದು ಸಹಿ, ಒಂದು ಮುದ್ರೆ, ಒಂದು ತಾರೀಕು ಇರಬೇಕು. ಅಷ್ಟನ್ನೂ ಕೊಡದ ಸರ್ಕಾರಕ್ಕೆ, ಆ ರೋಗಿ ಗಡಿಯಲ್ಲಿ ಸಿಕ್ಕಿಬಿದ್ದಾಗ ಕಾನೂನು ಪಾಲಿಸು ಎಂದು ಹೇಳುವ ನೈತಿಕ ಹಕ್ಕು ಅರ್ಧ ಮಾತ್ರ ಉಳಿದಿರುತ್ತದೆ.